ಬಿಲ್ಲೆಗೊಂದು ಕೋಟು

ಚಪ್ಪಾಳೆ ಇನ್ನೂ ಮುಗಿದಿರುವುದಿಲ್ಲ,
ಆಗಲೇ ಮೆಟ್ಟಿಲ ಮೇಲೆ ಬೂಟಿನ ಸದ್ದು.
ಕೊನೆಯ ಟ್ರಾಮಿಗೆ ಓಡುವವರು ಮೊದಲು,
ಆಮೇಲೆ ಅತ್ತವರು, ಮುಖ ತೊಳೆದುಕೊಂಡು, ನಿಧಾನಕ್ಕೆ,
ಕಟ್ಟಕಡೆಗೆ ವಾದ ಮಾಡುವವರು.
ಲಿಯೆಪಾಯಾದಲ್ಲಿ ಫೆಬ್ರವರಿ. ಕಡಲಗಾಳಿ
ಬಾಗಿಲು ಗುದ್ದುತ್ತಲೇ ಇದೆ
ಟಿಕೆಟು ಸಿಗದವನ ಹಾಗೆ.

ಇಪ್ಪತ್ತಮೂರು ವರ್ಷದಿಂದ ಈ ಕೌಂಟರಿನ ಹಿಂದೆ ನಾನು.
ಬಿಲ್ಲೆ ಈಸಿಕೊಂಡು ಕೋಟು ಕೊಡುತ್ತೇನೆ.
ಒದ್ದೆ ಉಣ್ಣೆ, ನಾಫ್ತಲೀನು, ಯಾರದೋ ಜೇಬಿನಲ್ಲಿ ಹೊಗೆಮೀನು.
ಒಂದು ನಾಟಕವನ್ನೂ ಪೂರ್ತಿ ನೋಡಿದವಳಲ್ಲ.
ನನಗೆ ಗೊತ್ತಿರುವ ಕೊನೆಗಳೆಲ್ಲ
ತೋಳು ತೂರಿಸುತ್ತ ಜನ ಹೇಳಿದವು:
ಸತ್ತನಂತೆ, ಬಂದಳಂತೆ, ಬಾಗಿಲು ತೆರೆಯಲೇ ಇಲ್ಲವಂತೆ.
ಅಂತೆಕಂತೆಗಳ ಸಂತೆಯಲ್ಲಿ ಅಂಗಡಿ ನನ್ನದು.

ಇನ್ನೂರ ಹನ್ನೊಂದು, ಹಲ್ಲಿನ ಡಾಕ್ಟರು ಟಾಲಿವಾಲ್ಡಿಸ್:
"ರಬ್ಬರಿನ ಹಾಗೆ ಎಳೆದರು. ದೀಪಸ್ತಂಭದವನು
ಸಾಯೋದಕ್ಕೆ ಅರ್ಧ ಗಂಟೆ ತಗೊಂಡ."
"ನಿಮಗೆ ಹೇಗೆ ಗೊತ್ತು, ಗೊರಕೆ ಹೊಡೀತಿದ್ದಿರಿ," ಹೆಂಡತಿ.
"ಎಚ್ಚರಾದಾಗಲೆಲ್ಲ ಸಾಯುತ್ತಲೇ ಇದ್ದ."

ಇಬ್ಬರು ಹುಡುಗಿಯರು, ಎರಡು ಕೋಟಿಗೆ ಒಂದೇ ಬಿಲ್ಲೆ:
"ಆ ಸಮುದ್ರ ಬರೀ ಪ್ಲಾಸ್ಟಿಕ್ ಹಾಳೆ ಕಣೇ."
"ಗೊತ್ತು. ಆದರೂ ನಾನು ಕಾಲು ಮೇಲೆತ್ತಿಕೊಂಡೆ."
ಪತ್ರಿಕೆಯವರು ಇಷ್ಟು ಚೆನ್ನಾಗಿ ಬರೆದದ್ದು
ನಾನು ಕಂಡಿಲ್ಲ.

(ನಾಟಕ ಹಿಡಿಸಿದವರು ಕೈಗವಸು ಮರೆತು ಹೋಗುತ್ತಾರೆ.
ಹೋದ ವರ್ಷದ ಆ ದೊಡ್ಡ ಹಾಸ್ಯನಾಟಕಕ್ಕೆ
ಒಂದು ಗುಂಡಿಯೂ ಉಳಿಯಲಿಲ್ಲ ನನ್ನ ಡಬ್ಬಿಯಲ್ಲಿ.)

ಜಗಳ ಹತ್ತಿದ್ದು ಮೀನಿಗೆ.
ಮೂರನೇ ಅಂಕದಲ್ಲಿ ಹೆಂಡತಿ ಮೀನು ಕೊಯ್ಯುತ್ತಾಳಂತೆ,
ನಿಜದ ಮೀನು, ಮುಂದಿನ ಸಾಲಿಗೆ ವಾಸನೆ ಬಂತಂತೆ.
ಗಂಡ ಹೋದ ಸುದ್ದಿ ಬಂದಮೇಲೂ
ಕೈ ನಿಲ್ಲಿಸುವುದಿಲ್ಲವಂತೆ.
"ಕಲ್ಲು ಮನಸ್ಸು," ಎಂದರು ಯಾರೋ.
"ನಿರ್ದೇಶಕನ ಗಿಮಿಕ್ಕು," ಎಂದರು ಶಾಲೆಯ ಮೇಡಮ್ಮು.
"ಹೆಣದ ಮುಂದೆ ಅಡುಗೆ ಯಾರು ಮಾಡುತ್ತಾರೆ ಸ್ವಾಮಿ?"
ಆಗ ಸಾಲಿನ ತುದಿಯಿಂದ ಝೆಲ್ಮಾ,
ಮೂವತ್ತು ವರ್ಷ ಬಂದರಿನಲ್ಲಿ ಕಾಡ್ ಮೀನು ಕೊಯ್ದವಳು:
"ಚಾಕು ಹಿಡಿದದ್ದು ತಪ್ಪು. ಬಾಲದಿಂದ ಬರಬೇಕು,
ಇಲ್ಲದಿದ್ದರೆ ಹೆಬ್ಬೆರಳು ಹೋಗುತ್ತೆ."
ಶಾಲು ಗಂಟು ಹಾಕಿಕೊಂಡಳು.
"ನಿಲ್ಲಿಸದೇ ಇದ್ದದ್ದು ಸರಿ."
ಆಮೇಲೆ ಸ್ವಲ್ಪ ಹೊತ್ತು
ಬರೀ ಹ್ಯಾಂಗರಿನ ಸದ್ದು.
ಅವಳ ಗಂಡನ ದೋಣಿಯ ವಿಷಯ ಊರಿಗೆಲ್ಲ ಗೊತ್ತು.

ನಿವೃತ್ತ ಟ್ರಾಮ್ ಚಾಲಕ ಅರ್ವೀಡ್ಸ್ ಮಾತ್ರ
ಎಲ್ಲರ ಬೈಗುಳ ತಿನ್ನುತ್ತ ನಿಂತಿದ್ದ.
ನಮ್ಮಲ್ಲಿ ಬದುಕಿದವರಿಗೆ ಹೂವು ಬೆಸ ಸಂಖ್ಯೆಯಲ್ಲಿ,
ಸರಿ ಸಂಖ್ಯೆ ಸಮಾಧಿಗೆ. ಇವನು ಹೋಗಿ
ದೀಪಸ್ತಂಭದವನ ಕೈಗೆ ಆರು ಕಾರ್ನೇಷನ್ ಇಟ್ಟಿದ್ದಾನೆ,
ಪರದೆಯ ಮುಂದೆ, ಎಲ್ಲರೆದುರು!
"ಎಣಿಸೋಕೆ ಬರಲ್ವೇನೋ ಮುದುಕ?"
"ಬರುತ್ತೆ. ಐದು ಕೊಟ್ಟಿದ್ದರೆ
ನೀನು ಸತ್ತದ್ದನ್ನು ನಾನು ನಂಬಲಿಲ್ಲ ಅಂತಾಗುತ್ತಿತ್ತು."
ಟೋಪಿ ಹಾಕಿಕೊಂಡು ಹೊರಟ. ಗಾಳಿ ತಕ್ಷಣ ಅದನ್ನು ಕಿತ್ತುಕೊಂಡಿತು.

ಹನ್ನೊಂದಕ್ಕೆ ದೀಪ ಆರಿಸುತ್ತಿದ್ದಾಗ
ಸತ್ತವನೇ ಇಳಿದು ಬಂದ, ಕಿವಿಯ ಹಿಂದೆ ಇನ್ನೂ ಬಣ್ಣ.
ಗೊಂಚಲಿನಿಂದ ಒಂದು ಹೂವು ಕಿತ್ತು
ನನ್ನ ಬಿಲ್ಲೆಗಳ ಮೇಲಿಟ್ಟ.
"ಈಗ ಐದು. ಮನೆಗೆ ಹೋಗಬಹುದು."
ಕೋಟಿನ ಕಾಲರು ಎತ್ತುತ್ತ, ಬೇಕೋ ಬೇಡವೋ ಎಂಬಂತೆ:
"ಹೇಗಿತ್ತು, ಔಸ್ಮಾ?"

"ಸಮುದ್ರಕ್ಕೆ ಕಾಲು ನೆನೆಯುತ್ತಿತ್ತಂತೆ," ಎಂದೆ.
"ನೀನು ಸ್ವಲ್ಪ ಬೇಗ ಸಾಯಬೇಕಂತೆ.
ಮತ್ತೆ ಆ ಹುಡುಗಿಗೆ ಹೇಳು,
ಚಾಕು ಬಾಲದಿಂದ."