ಎರಡು ಸೆಕೆಂಡಿನ ಸದ್ದು

ಕೀಲಿ ತಿರುವಿದರೆ ಎಂಜಿನ್ನಿಗೂ ಮೊದಲು
ಹಿಂದಿನ ಸೀಟಿನಡಿಯಿಂದ ಒಂದು ಗುಂಯ್.
ಎರಡೇ ಸೆಕೆಂಡು. ಆಮೇಲೆ ಸುಮ್ಮನೆ.
ಟಿಮರೂ ಬಂದರಿನ ಈ ತಗಡಿನ ಶೆಡ್ಡಿನಲ್ಲಿ
ಇಪ್ಪತ್ತಾರು ವರ್ಷ ಅದು ಕಿವಿಗೆ ಬೀಳುತ್ತಿತ್ತು,
ಕೇಳಿಸಿಕೊಂಡವನು ಅಣ್ಣನೊಬ್ಬನೇ.

ಹೇಮಿ ಈಗ ಬಣ್ಣದ ಡಬ್ಬಿ ಬೋರಲು ಹಾಕಿ ಕೂರುತ್ತಾನೆ.
ಸಕ್ಕರೆ ಕಾಯಿಲೆ ಮೊದಲು ಬಲಗಣ್ಣು ತಿಂದಿತು,
ಆಮೇಲೆ ಎಡಗಣ್ಣಿಗೆ ಬಂತು; ಅಂಚಿನಲ್ಲೊಂದಿಷ್ಟು
ಬೆಳಕು ಬಿಟ್ಟಿದೆ, ಮಕ್ಕಳು ತಟ್ಟೆಯಲ್ಲಿ ಬಿಡುವ ಹಾಗೆ.
ಕಾರು ಮಗಳ ಹೆಸರಿಗಾಗಿದೆ.

ಮಾಂಸದ ಕಾರ್ಖಾನೆಯ ರಾತ್ರಿ ಪಾಳಿಯ ದುಡ್ಡಲ್ಲಿ
ರೀಪೆಕಾ ದೊಡ್ಡ ಟರ್ಬೊ ಹಾಕಿಸಿದಳು,
ಬೆಳ್ಳಿಯ ಶಂಖದಂಥದ್ದು.
ಬಂದವರೆಲ್ಲ ಬಾನೆಟ್ ಎತ್ತಿಸಿ
ಜುಟ್ಟಿನ ಮಲ್ಲಿಗೆ ನೋಡಿ ಹೋದರು.
ಹೊಟ್ಟೆಯ ಹಿಟ್ಟು ಯಾರು ಕೇಳುತ್ತಾರೆ?

ನಾನು ಹಾಲಿನ ಟ್ಯಾಂಕರ್ ಓಡಿಸುವವಳು,
ಪಂಪು ಪೈಪುಗಳ ಸಂಸಾರ ಗೊತ್ತು:
ಉಸಿರು ಹೆಚ್ಚಿದರೆ ಊಟವೂ ಹೆಚ್ಚಬೇಕು.
ಐದು ಸಾವಿರ ಸುತ್ತು ದಾಟಿದೊಡನೆ ಮುಳ್ಳು
ಹನ್ನೆರಡೂ ಮುಕ್ಕಾಲು, ಹದಿಮೂರು,
ಮಿಶ್ರಣ ನೀರು ಮಜ್ಜಿಗೆ;
ಡಬ್ಬಿಯಲ್ಲಿ ಗೋಲಿ ಕುಲುಕಿದಂತೆ ಎಂಜಿನ್ನೊಳಗೆ ಕಟಕಟ.
"ಕಾಲು ತೆಗಿ," ಎಂದಿದ್ದ ಹೇಮಿ,
ಮೀಟರು ಕಾಣದವನು, ನಾವು ಕಾಣುವ ಮೊದಲೇ.
"ಹಸಿದುಕೊಂಡು ಓಡ್ತಿದೆ. ಪಿಸ್ಟನ್ ಕರಗುತ್ತೆ."

ಭಾನುವಾರ. ದಕ್ಷಿಣದ ಗಾಳಿ. ಹೀಟರು ಹಚ್ಚುವಂತಿಲ್ಲ.
ಫ್ಯೂಸು ಕಿತ್ತು ಎಂಜಿನ್ ಓಡಿಸಿದೆವು,
ಪೈಪಿನಲ್ಲಿ ಉಳಿದ ಗುಟುಕು ಕುಡಿದು
ಕೆಮ್ಮಿ ತಾನೇ ನಿಲ್ಲಲೆಂದು.
ಸೀಟೆತ್ತಿದರೆ ಅಡಿಯಲ್ಲಿ
ಒಂದು ತಲೆಪಿನ್ನು, ಎರಡು ಡಾಲರಿನ ನಾಣ್ಯ,
ಮೀನಂಗಡಿಯ ಕೈಬರಹದ ಚೀಟಿ: ಎರಡು ಸಾವಿರದ ಮೂರು,
ಮೂರು ಪೊಟ್ಟಣ.
ಆಗ ಅತ್ತಿಗೆ ಇದ್ದಳು.

ಎಂಟು ನಟ್ಟುಗಳಲ್ಲಿ ಏಳು ಬಂದವು.
ಎಂಟನೆಯದಕ್ಕೆ ಮಧ್ಯಾಹ್ನವೇ ಹೋಯಿತು.

ಹಳೆಯ ಪಂಪು ಹೊರಬಂತು, ಕಪ್ಪಾದ ಕಾಲುಚೀಲ ತೊಟ್ಟು,
ಹೆಬ್ಬೆರಳಿಗಿಂತ ದಪ್ಪ, ಅಂಗೈಗಿಂತ ಉದ್ದವಿಲ್ಲ.
ಇಷ್ಟೇನಾ, ಎಂದಳು ರೀಪೆಕಾ.
ಇಷ್ಟೇ. ಇಪ್ಪತ್ತಾರು ವರ್ಷ ಮುಳುಗಿಕೊಂಡೇ ಇದ್ದದ್ದು,
ಉರಿಯಬಲ್ಲದ್ದೇ ಅದಕ್ಕೆ ತಂಪು.
ಹೇಮಿ ಕೈ ಚಾಚಿದ. ಚಿಂದಿಯಲ್ಲಿ ಸುತ್ತಿ ಕೊಟ್ಟೆ.

ಹೊಸದು ಗಂಟೆಗೆ ಇನ್ನೂರೈವತ್ತೈದು ಲೀಟರಿನದು.
ಒಳಗಿನ ತುಂಡುಪೈಪು ಪೆಟ್ರೋಲಲ್ಲಿ ಮುಳುಗಿಯೂ ಕೊಳೆಯದಂಥದ್ದು,
ಗೇಣುದ್ದಕ್ಕೆ ಮೂವತ್ತು ಡಾಲರ್ ಕಿತ್ತ ಅಂಗಡಿಯವನು.
ತಂತಿಯನ್ನೂ ದಪ್ಪದ್ದೇ ಎಳೆದೆ, ಬ್ಯಾಟರಿಯಿಂದ ನೇರ:
ಹಳೆಯ ಎಳೆಯಲ್ಲಿ ಹದಿನಾಲ್ಕು ವೋಲ್ಟು ಹೊರಟರೆ
ಹನ್ನೊಂದು ತಲುಪುತ್ತಿತ್ತು.
ದಾರಿಯಲ್ಲಿ ಸೋರಿದ್ದಕ್ಕೆಲ್ಲ
ಪಂಪನ್ನು ಬೈದಿದ್ದೆವು.

ರಬ್ಬರ್ ಬಳೆಗೆ ಪೆಟ್ರೋಲು ಸವರಿ ಕೂರಿಸಿದೆ.
ಕೀಲಿ ತಿರುವಿದಳು.

ಗುಂಯ್ ಅಲ್ಲ. ಝೀ. ಚೂಪು ದನಿ,
ಉಣ್ಣೆ ಕತ್ತರಿಸುವ ಯಂತ್ರದ್ದು.
ಹೇಮಿ ತಲೆ ವಾರೆ ಮಾಡಿ
"ಯಾರದು?" ಎಂದ, ಬಾಗಿಲಲ್ಲಿ ಯಾರೋ ನಿಂತಿರುವಂತೆ.
ಆಮೇಲೆ, "ಇನ್ನೊಮ್ಮೆ."
ತಿರುವಿದಳು.
"ಇನ್ನೊಮ್ಮೆ."
ಆರು ಸಲ. ಎಂಜಿನ್ ಚಾಲೂ ಮಾಡಲು
ಯಾರಿಗೂ ಮನಸ್ಸಾಗಲಿಲ್ಲ.

ರಾತ್ರಿ ಒಂಬತ್ತಕ್ಕೆ ಒಳನಾಡಿನ ರಸ್ತೆ ಖಾಲಿ.
ಐದು ಸಾವಿರ. ಆರು. ಮುಳ್ಳು ಹನ್ನೊಂದರ ಮೇಲೆ
ಮೊಳೆ ಹೊಡೆದ ಹಾಗೆ.
ಬೇಲಿಯಾಚೆ ಕುರಿಗಳ ಕಣ್ಣು ಸಾಲಾಗಿ ಹೊತ್ತಿ ಆರಿದವು.
ರೀಪೆಕಾ ಏನೋ ಕೂಗಿದಳು, ಶಂಖದ ಸದ್ದಿನಲ್ಲಿ ಕೇಳಿಸಲಿಲ್ಲ.
ಹಿಂದೆ, ಹೊಸ ಪಂಪಿನ ಮೇಲೆಯೇ ಕೂತು
ಹೇಮಿ ಜೇಬಿನಲ್ಲಿ ಕೈಯಿಟ್ಟಿದ್ದ.

ಅವನ ಕೋಟು ಇನ್ನೂ ಪೆಟ್ರೋಲು ನಾರುತ್ತದೆ.
ಒಗೆಯಲು ಕೊಡುವುದಿಲ್ಲ.