ಕಾಲ್ಚೀಲದ ಹೆಜ್ಜೆ

ಹುಣ್ಣಿಮೆ ಹತ್ತಿರ ಬಂತೆಂದರೆ ನಮಗೆ ಹೊಟ್ಟೆಯಲ್ಲಿ ಕಲ್ಲು.
ಟಾರ್ಚು ಬೇಡದ ಮೂರು ರಾತ್ರಿ:
ಮೋಪಾನೆ ಎಲೆಯ ನರವೂ ಕಾಣುತ್ತದೆ,
ಬಂದೂಕಿನ ಗುರಿಮೊನೆಯೂ.
ಊರಲ್ಲಿ ಮಕ್ಕಳು ಚಂದ್ರನನ್ನು ನೋಡಿ ಕುಣಿದರೆ
ನಾನು, ಖಜಾಮುಲಾ, ಲೆಬೊಂಬೋ ಗುಡ್ಡದಡಿಯ ಕಾವಲುಗಾರ,
ಮೋಡ ಬರಲಿ ಎಂದು ಹರಕೆ ಹೊರುತ್ತೇನೆ.

ಬರಲಿಲ್ಲ.

ಬೆಳಗಿನ ಐದೂಕಾಲು. ರಣಹದ್ದುಗಳಿನ್ನೂ ಇಳಿದಿಲ್ಲ.
ಬೇಲಿಯ ಕೆಳಗೆ ಮರಳು ಕೊಂಚ ತಗ್ಗು,
ಆಚೆಗೆ ಮೂರು ಜೋಡಿ ಹೆಜ್ಜೆ.
ಹೆಜ್ಜೆ ಅಂದರೆ ಹೆಜ್ಜೆಯಲ್ಲ, ಉಜ್ಜಿದ ಮಸುಕು:
ಬೂಟಿನ ಮೇಲೆ ಉಣ್ಣೆಯ ಕಾಲ್ಚೀಲ ಏರಿಸಿದ್ದಾರೆ
ಅಚ್ಚು ಬೀಳಬಾರದೆಂದು.
ಹೊಸದಾಗಿ ಸೇರಿದ ನ್ಯೆಲೆತಿ ಕೂತು ನೋಡಿದಳು,
ಇದನ್ನು ಹೇಗೆ ಓದೋದು ಮಾವ?

ಅಚ್ಚು ಇಲ್ಲದಿದ್ದರೆ ಭಾರ ಓದು, ಅಂದೆ.
ಹೊತ್ತವನ ಹಿಮ್ಮಡಿ ಆಳ, ಹೆದರಿದವನ ಬೆರಳು ಆಳ,
ಇನ್ನು ಈ ನಡುವಿನವನು
ಅಲ್ಲಿಗೆ ನನ್ನ ಮಾತು ನಿಂತಿತು.
ಎಡಗಾಲು ಹೊರಗೆ ಹೊರಳಿತ್ತು,
ಅರ್ಧ ತೆರೆದಿಟ್ಟ ಬಾಗಿಲ ಹಾಗೆ.

ಆ ಕಾಲು ನನಗೆ ಗೊತ್ತು.
ಗುಡ್ಡದಾಚೆ, ಮೊಜಾಂಬಿಕ್ ಕಡೆ,
ಬೇಲಿಗಿಂತ ಬೇಲಿಯ ತೂತೇ ದೊಡ್ಡದಿದ್ದ ಕಾಲದಲ್ಲಿ
ಮಾರುಲಾ ಮರದಿಂದ ಬಿದ್ದು ಮುರಿದದ್ದು.
ಕೊಂಬೆ ಅಲ್ಲಾಡಿಸಿದವನು ನಾನೇ.
ಮೂಳೆ ಕಟ್ಟಿದ ಅಜ್ಜಿ ಸೊಟ್ಟಗೆ ಕಟ್ಟಿದಳು.
ಫೆನಿಯಾಸ್ ಆಮೇಲೂ ಚೆಂಡು ಒದೆಯುತ್ತಿದ್ದ,
ಯಾವ ಗೋಲಿಗೆ ಹೋಗುತ್ತದೆಂದು ಅವನಿಗೇ ತಿಳಿಯದು.

ಎರಡು ಕಿಲೋಮೀಟರು ನಡೆದೆವು. ಅಲ್ಲಿದ್ದಳು.
ಕಿವಿಯಲ್ಲಿ ಎರಡು ಕಚ್ಚು, ನಮ್ಮ ಪುಸ್ತಕದಲ್ಲಿ ಹದಿನೇಳು.
ಕಳೆದ ಚಳಿಗಾಲದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ
ಇವಳ ಕೊಂಬನ್ನು ನಾವೇ ಗರಗಸದಿಂದ ಕೊಯ್ದಿದ್ದೆವು,
ಬದುಕಿಕೊಳ್ಳಲಿ ಎಂದು.
ಪುಡಿ ಹಾರಿ ನನ್ನ ರೆಪ್ಪೆಯ ಮೇಲೆ ಕೂತಿತ್ತು,
ಉಗುರು ಸುಟ್ಟ ವಾಸನೆ. ಉಗುರೇ ಅದು, ಇನ್ನೇನು.
ನನ್ನವ್ವ ನಮ್ಮ ಉಗುರು ತೆಗೆದು ಹೂಳುತ್ತಿದ್ದಳು,
ಕೆಟ್ಟವರ ಕೈಗೆ ಸಿಗಬಾರದೆಂದು.
ಡಾಕ್ಟರು ಒಂದು ಚೂರೂ ಬಿಡದೆ ಬಳಿದು, ತೂಗಿ,
ಚೀಲಕ್ಕೆ ಮೊಹರು ಹಾಕಿ ಸಹಿ ಪಡೆದಾಗ
ಅವ್ವ ನೆನಪಾಗಿ ನಕ್ಕಿದ್ದೆ.

ಉಳಿದಿದ್ದು ನಾಲ್ಕು ಬೆರಳಿನ ಮೊಂಡು.
ಅದಕ್ಕೂ ಬಂದರು.
ಮುಖದ ಆ ಭಾಗವನ್ನು ನ್ಯೆಲೆತಿ ನೋಡಲಿಲ್ಲ,
ನೋಡು ಎಂದು ನಾನೂ ಹೇಳಲಿಲ್ಲ.
ಹತ್ತು ಮಾರು ದೂರದಲ್ಲಿ ಮರಿ.
ಬರುತ್ತದೆ, ತಾಯ ಹೊಟ್ಟೆಗೆ ಹಣೆ ಒತ್ತುತ್ತದೆ,
ಬೆಚ್ಚಿ ಓಡುತ್ತದೆ, ಮತ್ತೆ ಬರುತ್ತದೆ.
ಇಷ್ಟು ದಪ್ಪ ಚರ್ಮದೊಳಗೆ ಇಷ್ಟು ಸಣ್ಣ ದನಿ
ಯಾರು ಇಟ್ಟರೋ.

ರೇಡಿಯೋ ಕೇಳಿತು.
ಎಷ್ಟು ಜನ? ಮೂವರು.
ಯಾವ ದಿಕ್ಕು? ಪೂರ್ವ, ಗುಡ್ಡದ ಕಡೆ.
ಎಷ್ಟು ಹೊತ್ತಾಯಿತು? ನಾಲ್ಕು ಗಂಟೆ;
ಸೆಗಣಿಹುಳು ಅವರ ಹೆಜ್ಜೆ ದಾಟಿ ಹೋಗಿದೆ.
ಗುರುತೇನಾದರೂ?

ಹೆಲಿಕಾಪ್ಟರಿನಲ್ಲಿ ಕೂರುವ ಹುಡುಗರು ಕೆಟ್ಟವರಲ್ಲ.
ಆದರೆ ಮೂವರು ಓಡಿದರೆ
ಮೊದಲು ಸಿಗುವವನು ಕುಂಟ.
ಈ ಮೊಂಡಿಗೆ ಅವನಿಗೆ ದಕ್ಕುವುದು
ತಗಡಿನ ಮಾಡು, ಹಳೆಯದೊಂದು ಬೈಕು;
ಹಡಗು ದಾಟಿ ಹೋದ ಊರಿನಲ್ಲಿ ಯಾರೋ ತೇದು ಕುಡಿದು
ಜ್ವರ ಇಳಿಯಿತು ಅನ್ನುತ್ತಾನೆ.
ನಿನ್ನ ಸಂಬಳ ಎಷ್ಟೋ ಎಂದು ಒಮ್ಮೆ ಕೇಳಿದ್ದ,
ಯಾರದೋ ಮದುವೆಯಲ್ಲಿ, ಎಲುಬು ಚೀಪುತ್ತಾ.
ಹೇಳಿದೆ. ಅವನು ನಗಲಿಲ್ಲ.
ನಕ್ಕಿದ್ದರೆ ಚೆನ್ನಾಗಿತ್ತು.

ಗುರುತೇನಾದರೂ, ಖಜಾಮುಲಾ?

ನ್ಯೆಲೆತಿ ಎದ್ದು ನಿಂತಿದ್ದಾಳೆ. ಚುರುಕು ಹುಡುಗಿ.
ತನ್ನ ಎಡಪಾದವನ್ನು ಹೊರಕ್ಕೆ ತಿರುಗಿಸಿ
ಆ ಮಸುಕಿನ ಪಕ್ಕ ಒತ್ತಿ ನೋಡುತ್ತಿದ್ದಾಳೆ,
ಇನ್ನೊಮ್ಮೆ, ಇನ್ನೂ ಸ್ವಲ್ಪ ಹೊರಳಿಸಿ.
ಈಗ ಸರಿಯಾಯಿತು.
ತಲೆಯೆತ್ತಿ ನನ್ನ ಮುಖ ನೋಡುತ್ತಾಳೆ.

ಅವಳಿಗೆ ಓದು ಕಲಿಸಿದವನೂ ನಾನೇ.

ರೇಡಿಯೋದ ಗುಂಡಿ ಒತ್ತಿದೆ.
ಹಿಂದೆ ಮರಿ ಮತ್ತೆ ಬಂತು.