ಮರಳಿ ಬರಲು ಕಾರಣ

ಕಾನೋ ಪೇಟೆಯ ಹಿಂದೆ, ಜನರೇಟರಿನ ಸದ್ದಿನಲ್ಲಿ
ವೀಸಾ ಫಾರಂ ತುಂಬಿಕೊಡುವವಳು ನಾನು.
ಬಲಾರಬೆ ಬಂದ, ಬಣ್ಣದ ಗುಂಡಿಯಿಂದ ನೆಟ್ಟಗೆ,
ಮೊಣಕೈವರೆಗೆ ನೀಲಿ.
ಹಾಲೆಂಡಿನ ಯಾವುದೋ ಮ್ಯೂಸಿಯಂ ಕರೆದಿದೆಯಂತೆ,
ಮೂರು ದಿನ, ಬಟ್ಟೆ ಅದ್ದಿ ತೋರಿಸಲು.

ಹುಟ್ಟಿದ ತಾರೀಖು? ಹೆಸರಲ್ಲೇ ಇದೆಯಲ್ಲ, ಬುಧವಾರ.
ಯಾವ ವರ್ಷದ ಬುಧವಾರ? ಮಿಡತೆ ಬಂದ ವರ್ಷದ್ದು.
ಜನವರಿ ಒಂದು ಅಂತ ಬರೆದೆ;
ನನ್ನ ಗಿರಾಕಿಗಳಲ್ಲಿ ಅರ್ಧ ಊರು ಹುಟ್ಟಿದ್ದು ಅವತ್ತೇ.

ಖಾತೆಗೆ ಭಾವಮೈದ ದುಡ್ಡು ಹಾಕಿದ:
ನೋಡಬಹುದು, ಮುಟ್ಟುವಂತಿಲ್ಲ,
ಮದುವೆಗೆ ಎರವಲು ತಂದ ಸರದ ಹಾಗೆ.
ಫೋಟೋದಲ್ಲಿ ನಗಬಾರದು ಅಂದೆ.
ಅದಕ್ಕೇ ನಗು ಬಂತು ಅವನಿಗೆ. ನಾಲ್ಕು ಸಲ ತೆಗೆಸಿದೆವು.

ಕೊನೆಯ ಪ್ರಶ್ನೆ: ಮರಳಿ ಬರುವಿರೆಂಬುದಕ್ಕೆ ಆಧಾರ?
ಮನೆ? ಬಾಡಿಗೆಯದು. ಜಮೀನು? ಇಲ್ಲ.
ಹೆಂಡತಿ? ತೀರಿಕೊಂಡಳು.
ಆಮೇಲೆ, ನೆಲ ನೋಡುತ್ತಾ:
ಗುಂಡಿಗೆ ಜೀವ ಇದೆ ತಾಯೀ.
ದಿನಾ ಬೆಳಗ್ಗೆ ಕಲಕದಿದ್ದರೆ ಸಾಯುತ್ತೆ.
ತಮ್ಮನ ಮಗ ಐದು ದಿನ ಕಲಕಿಯಾನು,
ಆರನೆಯ ದಿನ ಮಲಗಿಬಿಡುತ್ತಾನೆ.

ಆ ಜಾಗ ಹಿಡಿಯುವುದು ನಲವತ್ತು ಅಕ್ಷರ.
ಬರೆದೆ. ಅಳಿಸಿದೆ.
'ಸ್ವಂತ ವ್ಯಾಪಾರ' ಅಂತ ಹಾಕಿದೆ.

ಅಬುಜಾದಲ್ಲಿ ಬೆರಳಚ್ಚಿನ ಯಂತ್ರ ಅವನ ಹೆಬ್ಬೆರಳನ್ನು
ಮೂರು ಸಲ ಒಲ್ಲೆ ಅಂದಿತಂತೆ.
ಸುಣ್ಣ, ಬೂದಿ ತಿಂದ ಗೆರೆಗಳು.
ಒರೆಸಿ ಮತ್ತೆ ಇಡಿ, ಅಂದಳಂತೆ ಗಾಜಿನಾಚೆಯ ಹುಡುಗಿ.
ಉತ್ತರ ಇನ್ನೂ ಬಂದಿಲ್ಲ.

ನನ್ನ ಕೀಲಿಮಣೆಯಲ್ಲಿ, 'ಇದು ಏನನ್ನು ಬರೆಯುತ್ತೆ?' ಎಂದು
ಅವನು ಬೆರಳಿಟ್ಟ ಆ ಉದ್ದನೆಯ, ಅಕ್ಷರವಿಲ್ಲದ ಕೀಲಿ
ನೀಲಿಯಾಗಿದೆ. ಸೀಮೆಎಣ್ಣೆ ಹಾಕಿ ಉಜ್ಜಿದೆ.
ಹೋಗಲಿಲ್ಲ.